ಪೂರ್ವ ಪಿಷ್ಟಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ನಾಲ್ಕು ಮಾತುಗಳನ್ನು ಮೊದಲೇ ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಹೇಳುತ್ತೇವೆ. ವಿಷಯ: ಪಿಷ್ಟ ಮತ್ತು ಅದನ್ನು ತಿಂದು ಬೆಳೆಯುವ ಸಾಕುಜೀವಿಗಳು. ಪ್ರಯೋಜನ: ಬೆಲ್ಟಿಗೆ ಹೊಸ ತೂತು ಕೊರೆಸುವ ಮುನ್ನ ಕಾರಣವನ್ನಾದರೂ ತಿಳಿಯುವುದು. ಸಂಬಂಧ: ತಟ್ಟೆಗೂ ಹೊಟ್ಟೆಗೂ ಇರುವುದೇ. ಅಧಿಕಾರಿ: ಮಧ್ಯಾಹ್ನ ಎರಡೂವರೆಗೆ ಕಂಪ್ಯೂಟರಿನ ಮುಂದೆ ಕೂತಲ್ಲೇ ಕತ್ತು ಜೋಲಿಸಿದ ಅನುಭವವುಳ್ಳ ಯಾರಾದರೂ. ಗ್ರಂಥದ ಎಲ್ಲೆ ಪಶ್ಚಿಮಕ್ಕೆ ಶಿವಾಜಿನಗರದ ಬಸ್ ಸ್ಟ್ಯಾಂಡು, ಪೂರ್ವಕ್ಕೆ ಕೆ.ಆರ್. ಪುರದ ತೂಗುಸೇತುವೆ. ಮಲ್ಲೇಶ್ವರ, ಬಸವನಗುಡಿಗಳ ಜೀರ್ಣಕ್ರಿಯೆ ಬೇರೆ ಜಾತಿಯದು. ಅದಕ್ಕೆ ಉತ್ತರಮೀಮಾಂಸೆಯನ್ನು ಆ ಕಡೆಯವರೇ ಬರೆದುಕೊಳ್ಳಲಿ.

ಹಿಂದಿನವರು ಈ ವಿಷಯವನ್ನು ಮನುಷ್ಯನಿಂದ ಶುರುಮಾಡಿ ಕೆಟ್ಟರು. ಮನುಷ್ಯನಿಗೆ ನಾಲಿಗೆ ಇದೆ, ನೆನಪಿದೆ, ಅತ್ತೆಮನೆ ಇದೆ. ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡದ್ದು ಹಸಿವಿಗೋ ದಾಕ್ಷಿಣ್ಯಕ್ಕೋ ಹೇಳಲು ಬಾರದು. ಈ ಗೊಂದಲಗಳೊಂದೂ ಇಲ್ಲದ ಪ್ರಾಣಿಯೊಂದು ಸಮುದ್ರದ ತಳದಲ್ಲಿದೆ. ಕಡಲಸೌತೆ ಎನ್ನುತ್ತಾರೆ. ನಕ್ಷತ್ರಮೀನಿನ ದಾಯಾದಿ. ಮಿದುಳಿಲ್ಲ, ಬಾಯಿಯ ಸುತ್ತ ಒಂದು ನರದ ಬಳೆ ಇದೆ, ಅಷ್ಟೆ. ಗ್ರಹಣಾಂಗಗಳಿಂದ ತಳದ ಕೆಸರನ್ನು ಬಾಚಿ ನುಂಗಿ, ಅದರಲ್ಲಿರುವ ಕೊಳೆತ ಪಾಚಿ, ಸೂಕ್ಷ್ಮಜೀವಿಗಳನ್ನು ಅರಗಿಸಿಕೊಂಡು, ಮಿಕ್ಕ ಮರಳನ್ನು ಹಿಂದಿನಿಂದ ಬಿಡುತ್ತದೆ. ಉಸಿರಾಟವೂ ಅದೇ ಹಿಂದಿನ ದ್ವಾರದಿಂದ. ಊಟ, ಉಸಿರು, ವಿಸರ್ಜನೆಗಳನ್ನು ಇಷ್ಟು ಕಡಿಮೆ ಜಾಗದಲ್ಲಿ ಮುಗಿಸುವ ಇನ್ನೊಂದು ವ್ಯವಸ್ಥೆಯನ್ನು ಮಾರತ್‌ಹಳ್ಳಿ ರಸ್ತೆಯ ಪಿಜಿಗಳ ಹೊರತು ನಾವು ಕಂಡಿಲ್ಲ. ಚೀನಾದ ಶಾನ್‌ಡಾಂಗ್, ಲಿಯಾವ್‌ನಿಂಗ್ ಕರಾವಳಿಯಲ್ಲಿ ಇದನ್ನು ಕೊಳಗಳಲ್ಲಿ ಸಾಕಿ, ಬೇಯಿಸಿ, ಒಣಗಿಸಿ ಭಾರಿ ಬೆಲೆಗೆ ಮಾರುತ್ತಾರೆ. ಸಾಕಿದ ಪ್ರಾಣಿಗೆ ಏನು ಹಾಕಿದರೆ ಎಷ್ಟು ಬೆಳೆಯುತ್ತದೆ ಎಂಬ ಪ್ರಶ್ನೆ ಶುದ್ಧವಾಗಿ, ರುಚಿಯ ಕಲಬೆರಕೆಯಿಲ್ಲದೆ ಸಿಗುವುದು ಇಲ್ಲಿ. ಆದ್ದರಿಂದ ಕಡಲಸೌತೆಯೇ ನಮ್ಮ ಮೂಲಮಾದರಿ.

ಇಲ್ಲಿ ಪೂರ್ವಪಕ್ಷ: ಬೆಂಗಳೂರಿನಲ್ಲಿ ಕಡಲಸೌತೆ ಎಲ್ಲಿದೆ ಸ್ವಾಮಿ? ಸಮಾಧಾನ: ಇಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಎಲ್ಲ ಜಾತಿಯ ಕಡಲಸೌತೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ, ಹುಲಿಯ ಪಕ್ಕಕ್ಕೆ ಸೇರಿಸಿತು. ರಸೆಲ್ ಮಾರ್ಕೆಟಿನ ಮೀನಿನ ಕಟ್ಟೆಯ ಮೇಲೆ ಅದು ಕಂಡರೆ ಓಡಿಬರುವುದು ಗಿರಾಕಿಯಲ್ಲ, ಅರಣ್ಯ ಇಲಾಖೆ. ಅದಕ್ಕೂ ಮೊದಲು, 1988ರಲ್ಲಿ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತೂತ್ತುಕುಡಿಯಲ್ಲಿ ಇದರ ಮರಿಗಳನ್ನು ತೊಟ್ಟಿಯಲ್ಲೇ ಹುಟ್ಟಿಸಿ ತೋರಿಸಿದ್ದರು. ಹಲಸೂರಿನ ಹಳೇ ತಮಿಳು ಮನೆಗಳಲ್ಲಿ ಆ ಕರಾವಳಿಯ ನಂಟಿರುವವರು ಕಡಲ್ ಅಟ್ಟೈ ಎಂದರೆ ಈಗಲೂ ಮುಖ ಕಿವುಚಿ ಗುರುತು ಹಿಡಿಯುತ್ತಾರೆ. ಅವರಾರೂ ಅದನ್ನು ತಿಂದವರಲ್ಲ, ಹಿಡಿದು ಹಡಗು ಹತ್ತಿಸಿದವರು. ಒಟ್ಟಿನಲ್ಲಿ ವಸ್ತು ಎದುರಿಗಿಲ್ಲದ್ದು ಶಾಸ್ತ್ರಕ್ಕೆ ಯಾವತ್ತೂ ಅಡ್ಡಿಯಾಗಿಲ್ಲ. ಸ್ವರ್ಗದ ಭೂಗೋಳ ಬರೆದವರಿದ್ದಾರೆ.

ಇನ್ನು ಸಿದ್ಧಾಂತ. ಸಾಕಿದ ಕಡಲಸೌತೆಗೆ ಉತ್ತಮ ಮೇವೆಂದರೆ ಸಾರ್ಗಾಸಮ್ ಎಂಬ ಕಡಲಪಾಚಿಯ ಪುಡಿ, ಸಮುದ್ರದ ಕೆಸರಿನೊಂದಿಗೆ ಕಲಸಿದ್ದು. ಪಾಚಿ ತುಟ್ಟಿಯಾದಾಗ ಗೋಧಿಹಿಟ್ಟು, ಮೆಕ್ಕೆಜೋಳದ ಹಿಟ್ಟು, ಸೋಯಾ ಹಿಂಡಿ ಬರುತ್ತವೆ. ಎಲ್ಲ ಸಾಕಣೆಯಲ್ಲೂ ಹೀಗೇ: ಪ್ರೋಟೀನು ತುಟ್ಟಿ, ಪಿಷ್ಟ ಅಗ್ಗ. ಹದವಾಗಿ ಪಿಷ್ಟ ಬೆರೆಸಿದರೆ ಪ್ರಾಣಿ ದಿನದ ಖರ್ಚಿಗೆ ಪಿಷ್ಟವನ್ನು ಸುಟ್ಟು ಪ್ರೋಟೀನನ್ನು ಮೈ ಕಟ್ಟಲು ಉಳಿಸಿಕೊಳ್ಳುತ್ತದೆ. ಹದ ಮೀರಿದರೆ ಬೆಳವಣಿಗೆ ಕುಂಟುತ್ತದೆ. ಒಂದಿಷ್ಟು ಅರಗದೆ ಹೊರಗೆ ಹೋಗುತ್ತದೆ, ಅರಗಿದ್ದು ಕೊಬ್ಬಾಗಿ ಕೂತುಕೊಳ್ಳುತ್ತದೆ. ಮೀನುಗಳಲ್ಲೂ ಮಾಂಸಾಹಾರಿ ಕಡಲಮೀನಿಗೆ ಮೇವಿನ ನೂರರಲ್ಲಿ 20 ಪಾಲು ಪಿಷ್ಟವೇ ಹೆಚ್ಚು. ಗೆಂಡೆ ಜಾತಿಯವು 40ರ ತನಕ ತಾಳಿಕೊಳ್ಳುತ್ತವೆ. ಎಷ್ಟು ಹಾಕಿದರೆ ಸರಿ ಎಂದು ವಿಜ್ಞಾನಿ ಕೇಳುತ್ತಾನೆ. ಎಷ್ಟು ಹಾಕಿದರೆ ಗಿಟ್ಟುತ್ತದೆ ಎಂದು ಸಾಕುವವನು ಕೇಳುತ್ತಾನೆ. ಪಿಷ್ಟಭಕ್ಷಕರನ್ನು ಹಲ್ಲು, ಕರುಳು, ಧರ್ಮ, ಭಾಷೆಗಳಿಂದ ವಿಂಗಡಿಸಿದ ಪ್ರಾಚೀನರು ಎಡವಿದ್ದು ಇಲ್ಲೇ. ನಮ್ಮ ಮತದಲ್ಲಿ ವಿಂಗಡಣೆ ಹೊಟ್ಟೆಯಿಂದಲ್ಲ, ಮೇವಿನ ಬಿಲ್ಲು ಕಟ್ಟುವ ಕೈಯಿಂದ ಶುರುವಾಗಬೇಕು.

ವರ್ಗಗಳಿಗೆ ಇಳಿಯುವ ಮೊದಲು ಅಳತೆಯ ತೊಡಕೊಂದನ್ನು ಬಿಡಿಸಬೇಕು. ಕಡಲಸೌತೆ ಬೆಳೆದಿದೆ ಎಂದು ಹೇಳುವುದು ಹೇಗೆ? ಉದ್ದ ಅಳೆಯೋಣವೆಂದು ಕೈಗೆತ್ತಿಕೊಂಡರೆ ಅದು ಮುದುಡಿ ಅರ್ಧವಾಗುತ್ತದೆ. ತೂಗೋಣವೆಂದರೆ ಮೈತುಂಬ ನೀರು, ಕರುಳು ತುಂಬ ಮರಳು. ಹಾಗಾಗಿ ಸಂಶೋಧಕರು ಅದನ್ನು ಉಪವಾಸ ಕೆಡವಿ, ಕರುಳು ಖಾಲಿ ಮಾಡಿಸಿ, ನೀರು ಬಸಿದು ತೂಗುತ್ತಾರೆ. ನಮ್ಮ ಜನ ಇದಕ್ಕಿಂತ ಕಷ್ಟದವರು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತು ಫೋಟೊ ಹಾಕಿಸಿಕೊಂಡರು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ಹೊರಗೆ ಸಣಕಲು, ಒಳಗೆ ಸಮೃದ್ಧಿ. ಇದರಿಂದ ಹೊರಡುವ ನಿಯಮ: ಈ ಶಾಸ್ತ್ರದಲ್ಲಿ ಕಣ್ಣಳತೆ ಪ್ರಮಾಣವಲ್ಲ, ಮದುವೆ ಮನೆಯ ಅಳತೆಯಂತೂ ಅಲ್ಲವೇ ಅಲ್ಲ. ಅಲ್ಲಿ ಏನು ಇಳಿದುಹೋಗಿದ್ದೀಯಲ್ಲೋ ಎನ್ನುವ ಚಿಕ್ಕಮ್ಮನೂ ಎಷ್ಟು ದಪ್ಪಗಾಗಿದ್ದೀಯೋ ಎನ್ನುವ ದೊಡ್ಡಮ್ಮನೂ ಒಂದೇ ಪಂಕ್ತಿಯಲ್ಲಿ, ಒಂದೇ ಹೊಟ್ಟೆಯನ್ನು ನೋಡುತ್ತಿರುತ್ತಾರೆ.

ಮೊದಲನೆಯದು ದಂಡುಪೋಷಿತ ವರ್ಗ. 1809ರಲ್ಲಿ ಹಲಸೂರಿನ ಪಕ್ಕ ಇಂಗ್ಲಿಷರ ದಂಡು ಬಂದು ನೆಲೆಸಿದ್ದೇ ಈ ಪ್ರಾಂತ್ಯದ ಮೊದಲ ವ್ಯವಸ್ಥಿತ ಸಾಕಣೆ. ಸೋಲ್ಜರ್ ಎಂದರೆ ಎದೆಯ ಸುತ್ತಳತೆ ನೋಡಿ ಆರಿಸಿ, ಹೊತ್ತುಹೊತ್ತಿಗೆ ಪಡಿ ಹಾಕಿ ಬೆಳೆಸಿದ ಜೀವ. ಗೋರಾ ಸೋಲ್ಜರನ ಪಡಿಯಲ್ಲಿ ದಿನಕ್ಕೆ ಒಂದು ಪೌಂಡು ಬ್ರೆಡ್ಡು. ಬೆಳಗಾದರೆ ಡ್ರಿಲ್ಲಿದ್ದುದರಿಂದ ಪಿಷ್ಟ ಅವನಲ್ಲಿ ನೆಟ್ಟಗೆ ಬೆಳೆಯಿತು, ಅಡ್ಡಡ್ಡ ಬೆಳೆಯಲಿಲ್ಲ. 1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರಿಗೆ ವಾಪಸಾಯಿತು. ಸೋಲ್ಜರ್ ಹೋದ, ಬ್ರೆಡ್ಡು ಪಿಂಚಣಿಯಿಲ್ಲದೆ ಉಳಿದುಕೊಂಡಿತು. ಮಾಸ್ಕ್ ರೋಡಿನ ಆಲ್ಬರ್ಟ್ ಬೇಕರಿ 1902ರಿಂದ ಇದೆ. ಅಂಥವುಗಳ ಗಾಜಿನ ಪೆಟ್ಟಿಗೆಯೊಳಗಿನ ಮೈದಾವನ್ನು ಶಾಸ್ತ್ರಜ್ಞರು ನಾಲ್ಕಾಗಿ ವಿಂಗಡಿಸುತ್ತಾರೆ: ಕಠಿಣ (ರಸ್ಕು, ಖಾರ ಬಿಸ್ಕತ್ತು), ಮೃದು (ಬನ್ನು), ಪದರಿ (ಪಫ್ಸು), ಗರ್ಭಿತ (ದಿಲ್‌ಪಸಂದ್). ಐದನೆಯದಾಗಿ ಪರೋಟವನ್ನು ಸೇರಿಸಬೇಕೆಂದು ಶಿವಾಜಿನಗರದ ಪಕ್ಷ ವಾದಿಸುತ್ತದೆ. ಅದು ಭಟ್ಟಿಯದಲ್ಲ, ಕಾವಲಿಯದು ಎಂಬ ಕಾರಣಕ್ಕೆ ನಾವು ಒಪ್ಪಿಲ್ಲ. ರಂಜಾನಿನ ಸಂಜೆ ಅದೇ ಮಾಸ್ಕ್ ರೋಡಿನಲ್ಲಿ ಸಿಗುವ ಹಲೀಮಿನಲ್ಲಿ ಗೋಧಿ ಎಲ್ಲಿ ಮುಗಿಯಿತು, ಮಾಂಸ ಎಲ್ಲಿ ಶುರುವಾಯಿತು ಎಂದು ಯಾವ ಪ್ರಯೋಗಾಲಯವೂ ನಾಲಿಗೆಯ ಮೇಲೆ ತೋರಿಸಲಾರದು. ಪಿಷ್ಟಕ್ಕೂ ಪ್ರೋಟೀನಿಗೂ ಅಲ್ಲಿ ವ್ಯಾಜ್ಯವೇ ಇಲ್ಲ. ಇಂಥದ್ದನ್ನು ಶಾಸ್ತ್ರ ದೂರದಿಂದ ನಮಸ್ಕರಿಸಿ, ಹತ್ತಿರ ಹೋಗಿ ಇನ್ನೊಂದು ಬಟ್ಟಲು ತೆಗೆದುಕೊಳ್ಳುತ್ತದೆ.

ಎರಡನೆಯದು ಪ್ರಭುಪೋಷಿತ. ದಂಡಿನ ಜಾಗಕ್ಕೆ ಸರ್ಕಾರ ಬಂದಿತು. ಹಳಬರು ನೆನೆಯುವ ಶಾಲೆಯ ಅಮೆರಿಕನ್ ಉಪ್ಪಿಟ್ಟು, 2013ರ ಜುಲೈನಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಶುರುವಾದ ಅನ್ನಭಾಗ್ಯ, 2017ರ ಆಗಸ್ಟ್ 16ರಂದು ಐದು ರೂಪಾಯಿಯ ತಿಂಡಿ, ಹತ್ತು ರೂಪಾಯಿಯ ಊಟದೊಂದಿಗೆ ಬಾಗಿಲು ತೆರೆದ ಇಂದಿರಾ ಕ್ಯಾಂಟೀನು ಇದರ ಮೂರು ಉಪಜಾತಿಗಳು. 2025ರಲ್ಲಿ ಪಡಿತರದಲ್ಲಿ ತಲೆಗೆ ತಿಂಗಳಿಗೆ ಸಿಗುತ್ತಿದ್ದ 10 ಕಿಲೋ ಅಕ್ಕಿ ಎಂದರೆ ದಿನಕ್ಕೆ 333 ಗ್ರಾಂ, ಹತ್ತಿರ ಹತ್ತಿರ 1,160 ಕ್ಯಾಲೊರಿ. ಈ ವರ್ಗವನ್ನು ನೋಡಿ ನಗುವುದು ಗ್ರಂಥಕರ್ತನಿಗೆ ಸಮ್ಮತವಲ್ಲ. ಐದು ರೂಪಾಯಿಗೆ ಬಿಸಿ ಇಡ್ಲಿ ತಿಂದು ಆಟೊ ಹತ್ತಿದವನ ಹೊಟ್ಟೆ ಆ ಇಡ್ಲಿಯನ್ನು ಹತ್ತು ಗಂಟೆಯೊಳಗೆ ಖರ್ಚು ಮಾಡಿರುತ್ತದೆ. ಪ್ರಭು ಪಿಷ್ಟವನ್ನೇ ಏಕೆ ಹಾಕುತ್ತಾನೆ ಎಂಬುದಷ್ಟೇ ಪ್ರಶ್ನೆ. ಉತ್ತರ ಕಡಲಸೌತೆಯ ಸಾಕಣೆದಾರನ ಲೆಕ್ಕದ ಪುಸ್ತಕದಲ್ಲಿದೆ.

ಮೂರನೆಯದನ್ನು ವರ್ಗವೆನ್ನುವುದಕ್ಕಿಂತ ವ್ಯತಿರೇಕ ದೃಷ್ಟಾಂತ ಎನ್ನಬೇಕು. ಪ್ರಯೋಗಶಾಲೆಯವರು ಹೋಲಿಕೆಗೆಂದು ಬೇರೆ ಇಟ್ಟ ತೊಟ್ಟಿಯಂತೆ ಇದು. ಸ್ವಾರ್ಜಿತಪಿಷ್ಟಿ ಎಂದು ಹೆಸರು. ರಸೆಲ್ ಮಾರ್ಕೆಟಿನ ಸುತ್ತ ಮೂಟೆ ಹೊರುವ ಹಮಾಲಿ, ಗಾಡಿ ತಳ್ಳುವವನು, ಮಟನ್ ಅಂಗಡಿಯ ಹುಡುಗ ಮಧ್ಯಾಹ್ನ ತಿನ್ನುವುದು ಕುಷ್ಕ. ಕುಷ್ಕ ಎಂದರೆ ಬಿರಿಯಾನಿಯಿಂದ ಮಾಂಸವನ್ನು ಕಳೆದದ್ದು. ಮಾಂಸದ ವಾಸನೆ ಇರುತ್ತದೆ, ಮಸಾಲೆ ಇರುತ್ತದೆ, ಅದೃಷ್ಟವಿದ್ದರೆ ದಾರಿ ತಪ್ಪಿದ ಒಂದು ಎಳೆಯೂ ಇರುತ್ತದೆ, ಪೀಸು ಮಾತ್ರ ಇರುವುದಿಲ್ಲ. ತಾರ್ಕಿಕರು ಅಭಾವವೂ ಒಂದು ಪದಾರ್ಥವೇ ಎಂದು ಸಾಧಿಸಲು ಎಷ್ಟೋ ಗ್ರಂಥ ಬರೆದರು. ದಂಡಿನ ಹೋಟೆಲುಗಳು ಅಭಾವವನ್ನು ಪ್ಲೇಟಿನಲ್ಲಿ ಹಾಕಿ, ಮೇಲೆ ಶೇರ್ವ ಸುರಿದು, ಅದಕ್ಕೆ ಬೇರೆ ದರವನ್ನೇ ಬರೆದವು. ಮಾಂಸದ ಬೆಲೆ ಕೊಡಲಾರದವನಿಗೆ ಮಾಂಸದ ಮರ್ಯಾದೆಯನ್ನಾದರೂ ಕೊಡುವ ಈ ಪಿಷ್ಟ ನಮ್ಮ ಪ್ರಾಂತ್ಯದ ಅತಿ ಸುಸಂಸ್ಕೃತ ಪಿಷ್ಟವೆಂದು ನಮ್ಮ ತೀರ್ಮಾನ.

ಕುಷ್ಕ ತಿಂದವನು ದಪ್ಪಗಾದನೇ? ಇಲ್ಲ. ಐಸಿಎಂಆರ್‌ನ 2020ರ ಲೆಕ್ಕದಲ್ಲಿ ಮೈಮುರಿದು ದುಡಿಯುವ 65 ಕಿಲೋ ಗಂಡಸಿಗೆ ದಿನಕ್ಕೆ 3,470 ಕ್ಯಾಲೊರಿ ಬೇಕು. ಅಷ್ಟೇ ತೂಕದವನು ಕೂತು ಕೆಲಸ ಮಾಡುವವನಾದರೆ 2,110 ಸಾಕು. ನಡುವಿನ ಅಂತರ 1,360 ಕ್ಯಾಲೊರಿ, ಅಂದರೆ ಸುಮಾರು 390 ಗ್ರಾಂ ಅಕ್ಕಿ. ಈ 390 ಗ್ರಾಂ ಅಕ್ಕಿಯನ್ನು ಓದುಗರು ಮರೆಯಬಾರದು. ಪೂರ್ವ ಬೆಂಗಳೂರಿನ ಇತಿಹಾಸವೆಲ್ಲ ಅದರಲ್ಲಿದೆ. 1948ರಲ್ಲಿ ಕೆ.ಆರ್. ಪುರದ ಬಳಿ ಐಟಿಐ ಎಂಬ ದೂರವಾಣಿ ಕಾರ್ಖಾನೆ ಶುರುವಾಯಿತು. ಅಲ್ಲಿಗೆ ಸೈಕಲ್ ತುಳಿದು ಬಂದು, ಪಾಳಿ ಮುಗಿಯುವ ತನಕ ಯಂತ್ರದ ಮುಂದೆ ನಿಂತು, ಮತ್ತೆ ಸೈಕಲ್ ತುಳಿದು ಹೋದವರು ಎರಡು ಮುದ್ದೆ ನುಂಗುತ್ತಿದ್ದರು. ಮೊಮ್ಮಗ ಅದೇ ದಾರಿಯಲ್ಲಿ, 2023ರಲ್ಲಿ ಬಂದ ಮೆಟ್ರೊದಲ್ಲಿ, ನಿಂತರೆ ಕಾಲು ನೋಯುತ್ತದೆಂದು ಸೀಟು ಹುಡುಕುತ್ತಾನೆ. ಕೆಲಸ ಕುರ್ಚಿಗೆ ಇಳಿಯಿತು. ತಟ್ಟೆ ಹಮಾಲಿಯದೇ ಉಳಿಯಿತು. ಆ 390 ಗ್ರಾಂ ಎಲ್ಲಿಗೆ ಹೋಗಬೇಕು?

ಅದು ಹೋಗುವ ಜಾಗವೇ ನಾಲ್ಕನೆಯ ವರ್ಗ, ಮಾಲೀಕಪೋಷಿತ. ಈ ಗ್ರಂಥದ ಹೃದಯವಿದು. ಇದರಲ್ಲಿ ರೆಕ್ಕೆಯವು, ಈಜುರೆಕ್ಕೆಯವು, ಲ್ಯಾಪ್‌ಟಾಪಿನವು ಎಂದು ಮೂರು ಕುಲ. ರೆಕ್ಕೆಯ ಕುಲ ಶಿವಾಜಿನಗರದಲ್ಲಿ ಕೆಂಪು ಬಣ್ಣ ಬಳಿದುಕೊಂಡು ಕಬಾಬ್ ಆಗಿ ಕಾಣಸಿಗುತ್ತದೆ. ಬ್ರಾಯ್ಲರ್ ಕೋಳಿಯ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ. ಅದನ್ನು ತಿಂದು ಐದಾರು ವಾರದಲ್ಲಿ ಎರಡು ಕಿಲೋ ತೂಗುತ್ತದೆ. ದಾವಣಗೆರೆ ಸೀಮೆಯ ಮೆಕ್ಕೆಜೋಳ ಎರಡು ಕಾಲು ಪಡೆದು ಶಿವಾಜಿನಗರಕ್ಕೆ ಬಂದಿತೆಂದರೆ ತಪ್ಪಾಗದು. ಈಜುರೆಕ್ಕೆಯ ಕುಲದ ಕಾಟ್ಲಾ, ರೋಹು ಆಂಧ್ರದ ಕೊಳಗಳಿಂದ ಐಸಿನಲ್ಲಿ ಬರುತ್ತವೆ. ಅವುಗಳ ಮುಖ್ಯ ಮೇವು ಎಣ್ಣೆ ತೆಗೆದ ಅಕ್ಕಿತೌಡು. ಈ ಮೀನುಗಳಿಗೆ ಜಠರವೇ ಇಲ್ಲ, ಉದ್ದನೆಯ ಕರುಳೇ ಎಲ್ಲ. ಪಿಷ್ಟ ಒಡೆಯುವ ಅಮೈಲೇಸ್ ಅದರಲ್ಲಿ ಧಾರಾಳ. ಹಾಗಾಗಿ ರೋಹು ಸಾರಿಗೆ ಅನ್ನ ಕಲಸಿಕೊಂಡವನು ಅಕ್ಕಿಯ ಮೇಲೆ ಅಕ್ಕಿಯ ಸಾರು ಸುರಿದುಕೊಂಡಿದ್ದಾನೆ ಎನ್ನುವ ಅದ್ವೈತವೊಂದು ಇಲ್ಲಿ ಸಿದ್ಧಿಸುತ್ತದೆ.

ಲ್ಯಾಪ್‌ಟಾಪಿನ ಕುಲದ ವಾಸ ಪಿಜಿ. ಕೆ.ಆರ್. ಪುರ, ಮಹದೇವಪುರಗಳ ಗಲ್ಲಿಗಳಲ್ಲಿ ನಾಲ್ಕೈದು ಮಾಳಿಗೆಯ, ಗಾಳಿಗೆ ಒಂದೇ ಕಿಟಕಿಯ ಕಟ್ಟಡಗಳು. ಕಡಲಸೌತೆಯ ಸಾಕಣೆಯಲ್ಲಿ ಒಂದು ಚದರ ಮೀಟರಿಗೆ ಎಷ್ಟು ಪ್ರಾಣಿ ಬಿಡಬೇಕೆಂಬುದು ದೊಡ್ಡ ಚರ್ಚೆ, ಹೆಚ್ಚಾದರೆ ಬೆಳವಣಿಗೆ ಇಳಿಯುತ್ತದೆ. ಇಲ್ಲಿ ಆ ಅಂಕಿಯನ್ನು ಬೋರ್ಡಿನ ಮೇಲೆಯೇ ಬರೆದಿರುತ್ತಾರೆ: ಎರಡು ಶೇರಿಂಗ್, ಮೂರು ಶೇರಿಂಗ್, ನಾಲ್ಕು ಶೇರಿಂಗ್. ಮೇವಿನ ವೇಳೆಯೂ ಗೋಡೆಯ ಮೇಲಿದೆ. ಬೆಳಗ್ಗೆ ಚಿತ್ರಾನ್ನ, ಇಲ್ಲವೇ ನಿನ್ನೆಯ ಅನ್ನದ ಚಿತ್ರಾನ್ನ. ರಾತ್ರಿ ಎಣಿಸಿದ ಚಪಾತಿ, ಎಣಿಸದ ಅನ್ನ, ಚಪಾತಿಗೆ ಜೊತೆ ಆಲೂಗಡ್ಡೆ ಪಲ್ಯ. ಅಂದರೆ ಪಿಷ್ಟದ ಹಾಳೆಯಲ್ಲಿ ಪಿಷ್ಟವನ್ನು ಸುತ್ತಿ ಪಿಷ್ಟದ ನಂತರ ತಿನ್ನುವ ವಿಧಿ. ಸಾಂಬಾರಿನಲ್ಲಿ ಬೇಳೆ ಇದೆಯೋ ಎಂದರೆ ಇದೆ, ಶ್ರುತಿಪ್ರಮಾಣದಿಂದ, ಪ್ರತ್ಯಕ್ಷಕ್ಕೆ ಸಿಗುವುದಿಲ್ಲ. ಭಾನುವಾರ ಚಿಕನ್ ಉಂಟು. ಬಡಿಸುವ ಅಣ್ಣ ಅನ್ನದ ಹಂಡೆಯನ್ನು ನಮ್ಮ ಕೈಗೇ ಬಿಟ್ಟು, ಚಿಕನ್ನಿನ ಸೌಟನ್ನು ಮಾತ್ರ ತಾನೇ ಹಿಡಿದು ನಿಲ್ಲುತ್ತಾನೆ. ಪ್ರೋಟೀನು ತುಟ್ಟಿ, ಪಿಷ್ಟ ಅಗ್ಗ ಎಂಬ ಜಲಕೃಷಿಯ ಮೊದಲ ಪಾಠವನ್ನು ಯಾವ ವಿಶ್ವವಿದ್ಯಾಲಯದಲ್ಲೂ ಇಷ್ಟು ಸ್ಪಷ್ಟವಾಗಿ ಕಲಿಸುವುದಿಲ್ಲ. "ಅನ್ನ ಅನ್‌ಲಿಮಿಟೆಡ್" ಎಂಬುದು ಔದಾರ್ಯವಲ್ಲ, ಲೆಕ್ಕ. ಮಾಲೀಕನನ್ನು ಬೈದು ಉಪಯೋಗವಿಲ್ಲ. ತಿಂಗಳ ಬಾಡಿಗೆಯಲ್ಲಿ ಮೂರು ಹೊತ್ತಿನ ಊಟ ಸೇರಿಸಿ ಎಂದವರು ನಾವೇ.

ಈ ಕುಲದ ಬೆಳವಣಿಗೆಯಲ್ಲಿ ಒಂದು ವಿಚಿತ್ರವಿದೆ. ಒಂದೇ ತೊಟ್ಟಿಯಲ್ಲಿ ಒಂದೇ ದಿನ ಬಿಟ್ಟು, ಒಂದೇ ಮೇವು ಹಾಕಿದ ಕಡಲಸೌತೆ ಮರಿಗಳಲ್ಲಿ ಕೆಲವು ದಿಂಡಾಗಿ ಬೆಳೆಯುತ್ತವೆ, ಕೆಲವು ಹಾಗೇ ಬೆರಳಿನಷ್ಟೇ ಉಳಿಯುತ್ತವೆ. ಸಾಕಣೆದಾರರಿಗೆ ಇದು ದೊಡ್ಡ ತಲೆನೋವು. ಮೂರು ಶೇರಿಂಗ್ ಕೋಣೆಯಲ್ಲೂ ಹಾಗೆಯೇ ಒಬ್ಬ ಹಿಗ್ಗುತ್ತಾನೆ, ಒಬ್ಬ ಇದ್ದಂತೆ ಇರುತ್ತಾನೆ, ಮೂರನೆಯವನು ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ ಎನ್ನುವ ಯಾಜ್ಞಿಕ್ ಮಾರ್ಗ ಹಿಡಿಯುತ್ತಾನೆ. ವಿಶ್ರಾಂತಿಯ ವಿಷಯದಲ್ಲಿ ಮಾತ್ರ ಎರಡೂ ಜೀವಗಳು ಬೇರೆಯಾಗುತ್ತವೆ. ಬೇಸಿಗೆಯಲ್ಲಿ ನೀರಿನ ಬಿಸಿ 25 ಡಿಗ್ರಿಯತ್ತ ಏರಿದರೆ ಚೀನಾದ ಕಡಲಸೌತೆ ಮೇವು ಬಿಟ್ಟು, ಬಂಡೆಯ ಸಂದಿಯಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ. ಕರುಳು ದಾರದಂತೆ ಸಣ್ಣಗಾಗಿ ತೂಕ ಇಳಿಯುತ್ತದೆ. ನಮ್ಮವನು ರಜೆಗೆ ಊರಿಗೆ ಹೋಗಿ, ಮಲಗಿಯೇ ಇದ್ದು, ಹೆಚ್ಚಿನ ತೂಕದೊಂದಿಗೆ ಮರಳುತ್ತಾನೆ. ಅಮ್ಮ ಎಂಬ ಅಂಶವನ್ನು ಜಲಕೃಷಿ ವಿಜ್ಞಾನ ಇನ್ನೂ ಗಣನೆಗೆ ತೆಗೆದುಕೊಂಡಿಲ್ಲ. ನಗು ಸಾಕು, ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್‌–ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿತು. ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ 62 ಕಾರ್ಬೋಹೈಡ್ರೇಟಿನದು ಎಂದು ಅದೇ ಅಧ್ಯಯನ 2025ರಲ್ಲಿ ಸೇರಿಸಿತು. ಧಾನ್ಯದ ಪಾಲು 45ರಷ್ಟಿದ್ದರೆ ಸಾಕೆಂದು ಹೈದರಾಬಾದಿನ ಪೋಷಣಾ ಸಂಸ್ಥೆಯ 2024ರ ಸಲಹೆ. ಉಳಿದದ್ದನ್ನು ಯಾವುದರಿಂದ ತುಂಬಬೇಕೆಂದು ಆ ಸಲಹೆಯಲ್ಲಿದೆ: ಬೇಳೆ, ಕಾಳು, ಹಾಲು, ತರಕಾರಿ. ಬಿಲ್ಲು ಯಾರು ಕಟ್ಟಬೇಕೆಂದು ಇಲ್ಲ.

ಐದನೆಯದು ಪಿಷ್ಟಸಂನ್ಯಾಸಿ. ಇಂದಿರಾನಗರದ ಹನ್ನೆರಡನೇ ಮೇನಿನಲ್ಲಿ ಹೇರಳ. ಬಿಲ್ಲನ್ನು ತಾನೇ ಕಟ್ಟುವಷ್ಟು ದುಡಿದ ಮೇಲೆ ಇವನು ಮಾಡುವ ಮೊದಲ ಕೆಲಸ ಪಿಷ್ಟವನ್ನು ಬಿಡುವುದು, ಎರಡನೆಯದು ಬಿಟ್ಟದ್ದನ್ನು ಎಲ್ಲರಿಗೂ ಹೇಳುವುದು. ಹೆದರಿಸಿದಾಗ ಕಡಲಸೌತೆ ತನ್ನ ಕರುಳನ್ನೇ ಹೊರಗೆ ಚೆಲ್ಲಿಬಿಡುತ್ತದೆ, ಆಮೇಲೆ ಕೆಲವು ವಾರಗಳಲ್ಲಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ರಕ್ತಪರೀಕ್ಷೆಯ ವರದಿಯಿಂದ ಹೆದರಿದ ಸಂನ್ಯಾಸಿ ಜನವರಿಯಲ್ಲಿ ಅಕ್ಕಿ, ಗೋಧಿ, ಸಕ್ಕರೆ ಡಬ್ಬಿಗಳನ್ನು ಕೆಲಸದಾಕೆಗೆ ಕೊಟ್ಟು ಅಡುಗೆಮನೆಯ ಕರುಳು ಚೆಲ್ಲುತ್ತಾನೆ. ಯುಗಾದಿಯ ಹೋಳಿಗೆಯ ಹೊತ್ತಿಗೆ ಎಲ್ಲವೂ ಮರುಹುಟ್ಟು ಪಡೆದಿರುತ್ತದೆ. ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪ್ಯಾಕೆಟ್ಟು ಇದ್ದೇ ಇರುತ್ತದೆ. ಐಡಿ ಎಂಬ ಆ ಹಿಟ್ಟು 2005ರಲ್ಲಿ ಪಕ್ಕದ ತಿಪ್ಪಸಂದ್ರದ ಒಂದು ಪುಟ್ಟ ಕೋಣೆಯಲ್ಲೇ ಶುರುವಾದದ್ದು. ಅದನ್ನು ಕೇಳಿದರೆ ಅದು ಹೆಂಡತಿಗೆ ಎನ್ನುತ್ತಾನೆ.

ಈ ವರ್ಗದ ಎರಡು ಲಕ್ಷಣಗಳನ್ನು ಗಮನಿಸಬೇಕು. ಒಂದು, ರಾಗಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿದ ಸುಣ್ಣಾಂಶ ಇದೆಯೆಂದು ಇವನು ಓದಿರುತ್ತಾನೆ. ಅದೇ ನೂರು ಗ್ರಾಮಿನಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಪಾಲು ಪಿಷ್ಟವೇ ಇದೆಯೆಂಬ ಮುಂದಿನ ಸಾಲನ್ನು ಓದಿರುವುದಿಲ್ಲ. ಐಟಿಐ ಅಜ್ಜ ಬಡತನಕ್ಕೆ ತಿಂದ ರಾಗಿಯನ್ನು ಇವನು ಕುಕಿ ಮಾಡಿಸಿ, ಬ್ರೌನ್ ಪೇಪರಿನಲ್ಲಿ ಸುತ್ತಿಸಿ, ಹೂರಣದ ಹೋಳಿಗೆಗಿಂತ ಹೆಚ್ಚು ಕೊಟ್ಟು ತಿನ್ನುತ್ತಾನೆ. ಎರಡು, ಬಿಯರು. ಬಾರ್ಲಿಯನ್ನು ಮೊಳಕೆ ಬರಿಸಿದರೆ ಅದರಲ್ಲಿ ಅಮೈಲೇಸ್ ಹುಟ್ಟುತ್ತದೆ. ಬಿಸಿನೀರಿನಲ್ಲಿ ನೆನೆಸಿದಾಗ ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ, ಸಕ್ಕರೆಯನ್ನು ಯೀಸ್ಟು ಮದ್ಯವಾಗಿಸುತ್ತದೆ. ಸೋಸಿ ಉಳಿದ ಚರಟದಲ್ಲಿ ನಾರೂ ಪ್ರೋಟೀನೂ ಇರುತ್ತವೆ. ಅದು ದನದ ಮೇವಿಗೆ ಹೋಗುತ್ತದೆ. ಪ್ರೋಟೀನು ಹಸುವಿಗೆ, ಪಿಷ್ಟದ ಸಾರ ಸಂನ್ಯಾಸಿಗೆ. ಅನ್ನ ಬಿಟ್ಟೆ ಎಂದು ಹೇಳಿಕೊಳ್ಳುತ್ತ ಅವನು ಮೂರನೆಯ ಲೋಟ ತರಿಸುವಾಗ ಹಸುವಿನ ಆಹಾರಕ್ರಮ ಅವನದಕ್ಕಿಂತ ಶಾಸ್ತ್ರೀಯವಾಗಿರುತ್ತದೆ.

ಆರನೆಯದನ್ನು ಬಿಡುವ ಹಾಗಿಲ್ಲ, ಅದು ಜಲಪೋಷಿತ. ಪಿಷ್ಟವನ್ನೋ ಅದರ ದಾಯಾದಿ ಸಕ್ಕರೆಯನ್ನೋ ಪ್ರಾಣಿಗೆ ಹಾಕದೆ ನೀರಿಗೇ ಹಾಕುವ ಪದ್ಧತಿ ಇದು. ಬಯೋಫ್ಲಾಕ್ ಎಂದು ಹೆಸರು. ರಾಜ್ಯದಲ್ಲಿ ಈಚೆಗೆ ಹಿತ್ತಲಲ್ಲಿ ಟಾರ್ಪಾಲಿನ್ ತೊಟ್ಟಿ ಕಟ್ಟಿದವರಿಗೆಲ್ಲ ಗೊತ್ತು. ಮೀನಿನ ವಿಸರ್ಜನೆಯಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಕಾಕಂಬಿಯನ್ನೋ ಬೆಲ್ಲವನ್ನೋ ಸುರಿದು, ಸಾರಜನಕದ ಒಂದು ಪಾಲಿಗೆ ಇಂಗಾಲ ಹತ್ತರಿಂದ ಇಪ್ಪತ್ತು ಪಾಲಾಗುವಂತೆ ನೋಡಿಕೊಂಡರೆ ಬ್ಯಾಕ್ಟೀರಿಯ ಆ ಅಮೋನಿಯವನ್ನು ತಿಂದು ಮುದ್ದೆಗಟ್ಟುತ್ತದೆ, ಆ ಮುದ್ದೆಯನ್ನು ಮೀನು ತಿನ್ನುತ್ತದೆ. ಗಾಳಿಯಂತ್ರ ಮಾತ್ರ ಹಗಲೂ ರಾತ್ರಿ ತಿರುಗುತ್ತಿರಬೇಕು. ಹಲಸೂರು ಕೆರೆ ಈ ಪದ್ಧತಿಯನ್ನು ಯಾರ ಅಪ್ಪಣೆಯೂ ಇಲ್ಲದೆ, ಸಾಕಷ್ಟು ಗಾಳಿಯೂ ಇಲ್ಲದೆ ಅನುಸರಿಸುತ್ತ ಬಂದಿದೆ. ಚರಂಡಿಯಲ್ಲಿ ಬರುವ ಊರಿನ ಎಂಜಲು, ಪುಣ್ಯಕ್ಕೆಂದು ಎಸೆದ ಪುರಿ, ಬ್ರೆಡ್ಡಿನ ಚೂರು ಎಲ್ಲವೂ ಬ್ಯಾಕ್ಟೀರಿಯಕ್ಕೆ. ಅವು ಉಣ್ಣುವಾಗ ನೀರಿನ ಆಮ್ಲಜನಕವೂ ಖರ್ಚಾಗುತ್ತದೆ. 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಅಷ್ಟೊಂದು ಮೇವಿನ ನಡುವೆ ಉಸಿರಿಗೆ ಗತಿಯಿಲ್ಲದೆ ಸತ್ತವು. ಪೋಷಿತ ವರ್ಗಗಳಲ್ಲೆಲ್ಲ ಮೇವಿನ ಲೆಕ್ಕವನ್ನು ಯಾರೂ ಇಡದ ತೊಟ್ಟಿ ಈ ಕೆರೆಯೊಂದೇ.

ಇಷ್ಟಕ್ಕೆ ಗ್ರಂಥ ಮುಗಿಯಬೇಕಿತ್ತು, ತಮಿಳರ ಆಡಿ ಮಾಸ ಅಡ್ಡ ಬಂದಿತು. ಜುಲೈ ನಡುವಿನಿಂದ ಆಗಸ್ಟಿನ ನಡುವಿನವರೆಗೆ ಹಲಸೂರು, ಶಿವಾಜಿನಗರ ಕಡೆಯ ಮಾರಿಯಮ್ಮನ ಗುಡಿಗಳ ಮುಂದೆ ಕೂಳು ಎಂಬ ಅಂಬಲಿ ಕಾಯಿಸಿ ಹಂಚುತ್ತಾರೆ. ರಾಗಿಹಿಟ್ಟು, ನುಚ್ಚಕ್ಕಿ, ಒಂದು ರಾತ್ರಿಯ ಹುಳಿ. ಜೊತೆಗೆ ಈರುಳ್ಳಿ, ನುಗ್ಗೆಸೊಪ್ಪು, ಕೆಲವೆಡೆ ಒಣಮೀನಿನ ಸಾರು. ಕಾರ್ಪೊರೇಷನ್ ಪೌರಕಾರ್ಮಿಕರು, ಆಟೊದವರು, ಬುರ್ಖಾ ತೊಟ್ಟ ಅಕ್ಕಂದಿರು, ಕಾನ್ವೆಂಟಿನ ಮಕ್ಕಳು ಒಂದೇ ಸಾಲಿನಲ್ಲಿ ಚೊಂಬು, ಡಬ್ಬಿ ಹಿಡಿದು ನಿಲ್ಲುತ್ತಾರೆ. ಇಲ್ಲಿ ಹಾಕುವವನಿಗೆ ಗಿಟ್ಟುವ ಲೆಕ್ಕವಿಲ್ಲ, ತಿನ್ನುವವನ ತೂಕವನ್ನು ಯಾರೂ ನೋಡುವುದಿಲ್ಲ, ಸೌಟನ್ನು ಹಿಡಿದ ಅಮ್ಮ ಸಾಕು ಎಂದರೂ ಇನ್ನಷ್ಟು ಸುರಿಯುತ್ತಾಳೆ. ದಂಡುಪೋಷಿತವೆನ್ನಲು ದಂಡಿಲ್ಲ, ಪ್ರಭುಪೋಷಿತವೆನ್ನಲು ಸರ್ಕಾರವಿಲ್ಲ, ಮಾಲೀಕನಂತೂ ಇಲ್ಲ. ದೇವತಾಪೋಷಿತ ಎಂದು ಏಳನೆಯ ವರ್ಗ ಮಾಡೋಣವೆಂದರೆ ಬಿಲ್ಲು ಕಟ್ಟಿದ್ದು ದೇವತೆಯಲ್ಲ, ಬೀದಿಯವರ ವಂತಿಗೆ. ಈ ಗಂಟನ್ನು ಬಿಡಿಸಲೆಂದೇ ನಾವು ಆ ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ನಿಂತಿದ್ದ ಟ್ರ್ಯಾಕ್ ಪ್ಯಾಂಟಿನವನ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರವಿತ್ತು; ಇಂದಿರಾನಗರದ ಪಿಷ್ಟಸಂನ್ಯಾಸಿ ಎಂಬುದರಲ್ಲಿ ಸಂದೇಹವಿಲ್ಲ. ಅವನನ್ನು ಐದನೆಯ ವರ್ಗದಲ್ಲೇ ಇಡಬೇಕೋ ಇಲ್ಲಿಗೆ ತರಬೇಕೋ ಎಂದು ನಾವು ಯೋಚಿಸುತ್ತಿರುವಾಗಲೇ ಅವನು ಒಂದು ಡಬ್ಬಿ ತುಂಬಿಸಿಕೊಂಡು, ಚೀಲದಿಂದ ಇನ್ನೊಂದನ್ನು ತೆಗೆದು, "ಅಮ್ಮ, ಇದು ಮನೆಯವರಿಗೆ" ಎಂದ.